ಲೂವ್ರ್‌ನಲ್ಲಿ ರಾಫೆಲ್‌ನ ಕಾಸ್ತಿಲ್ಯೋನೆ ಭಾವಚಿತ್ರದ ನಕಲು: ಮನೆಯಲ್ಲಿ ಎಷ್ಟು ಮಾಡಿಕೊಳ್ಳಬೇಕು, ಅಲ್ಲಿ ಎಷ್ಟು?

ತೆಳುಪದರ:

ಎಲ್ಲರಿಗೂ ನಮಸ್ಕಾರ. ಪ್ಯಾರಿಸ್ಸಿನ ಮ್ಯೂಸಿಯಂ ಲೂವ್ರ್‌ನಲ್ಲಿ ನಕಲು ಮಾಡಲು ಅನುಮತಿ ಸಿಕ್ಕಿದೆ, ಮೂರು ತಿಂಗಳ ಅವಧಿ. ಆರಿಸಿಕೊಂಡಿರುವುದು ಇಟಲಿಯ ಚಿತ್ರಕಾರ ರಾಫೆಲ್ 1514–15ರ ಸುಮಾರಿಗೆ ಬರೆದ, ಲೇಖಕ ಬಾಲ್ದಸ್ಸಾರೆ ಕಾಸ್ತಿಲ್ಯೋನೆಯ ಭಾವಚಿತ್ರ. ಮೂಲದ ಅಳತೆ 82 × 67 ಸೆಂ.ಮೀ. ಬೆಳಿಗ್ಗೆ 9.30ರಿಂದ 1.30ರವರೆಗೆ ಮಾತ್ರ ಕೂರಲು ಬಿಡುತ್ತಾರೆ, ಮಂಗಳವಾರ ಮ್ಯೂಸಿಯಂ ರಜೆ. ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಅವರೇ ಕೊಡುತ್ತಾರೆ.

ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ತೈಲವರ್ಣದಲ್ಲಿ ಮುಖ ಬರೆಯುವುದು ಅಭ್ಯಾಸವಿದೆ. ಆದರೆ ಅದೆಲ್ಲ ಒಂದೇ ಕೂರಿನ, ಅಂದರೆ ಒಮ್ಮೆ ಕೂತು ಮುಗಿಸುವ, ಕೆಲಸ. ಪದರದ ಮೇಲೆ ಪದರ ಕಟ್ಟುವ ಹಳೆಯ ಪದ್ಧತಿ ಗೊತ್ತಿಲ್ಲ, ಅದಕ್ಕಾಗಿಯೇ ಈ ಚಿತ್ರ. ನನ್ನ ಪ್ರಶ್ನೆಗಳು: ನಕಲು ಮೂಲದ ಅಳತೆಯಲ್ಲಿ ಇರಕೂಡದು, ಐದನೇ ಒಂದು ಭಾಗದಷ್ಟಾದರೂ ಚಿಕ್ಕದೋ ದೊಡ್ಡದೋ ಇರಬೇಕು ಎಂಬ ನಿಯಮವಿದೆಯಲ್ಲ, ಹಾಗಾದರೆ ಯಾವ ಕ್ಯಾನ್ವಾಸ್ ತೆಗೆದುಕೊಳ್ಳಲಿ? ರೇಖಾಚಿತ್ರವನ್ನು ಅಲ್ಲೇ ಕೂತು ಬರೆಯಬೇಕೋ, ಮನೆಯಿಂದ ಮಾಡಿಕೊಂಡು ಹೋಗಬಹುದೋ? ಬಣ್ಣಗಳು ಯಾವುವು? ಮೊದಲು ಕಪ್ಪು-ಬಿಳುಪಿನಲ್ಲಿ ಪೂರ್ತಿ ಮುಗಿಸಿ ಆಮೇಲೆ ಬಣ್ಣಕ್ಕೆ ಇಳಿಯಬೇಕೇ?

ಅಗಸೆಎಣ್ಣೆ:

ಅಳತೆಯ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. 61 × 50 ಸೆಂ.ಮೀ. ತೆಗೆದುಕೊಳ್ಳಿ. ಫ್ರಾನ್ಸ್‌ನಲ್ಲಿ ಇದು ಸಿದ್ಧವಾಗಿ ಸಿಗುವ ಅಳತೆ, ಅಂಗಡಿಯಲ್ಲಿ 12ಎಫ್ ಎಂದು ಕೇಳಿದರೆ ಸಾಕು. 82ಕ್ಕೆ 61 ಅಂದರೆ 0.744. ಅದೇ ಲೆಕ್ಕದಲ್ಲಿ 67 ಸೆಂ.ಮೀ. ಅಗಲ 49.8 ಆಗುತ್ತದೆ. ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಹೆಚ್ಚು, ಅದು ಅಂಚಿನಲ್ಲೇ ಮುಚ್ಚಿಹೋಗುತ್ತದೆ. 65 × 54 ಕೂಡ ಸಾಮಾನ್ಯ ಅಳತೆಯೇ, ಹಲವರು ಅದನ್ನೇ ಕೊಳ್ಳುತ್ತಾರೆ. ಆದರೆ ಅಗಲದಲ್ಲಿ ಅದು 67ರ ಐದನೇ ಒಂದು ಭಾಗದಷ್ಟು ಕಡಿಮೆ ಆಗುವುದಿಲ್ಲ, 53.6ಕ್ಕಿಂತ ಚೂರು ಹೆಚ್ಚೇ ಉಳಿಯುತ್ತದೆ. ಬಾಗಿಲಲ್ಲಿ ಟೇಪು ಹಿಡಿದು ನಿಂತವರ ಜೊತೆ ಆ ನಾಲ್ಕು ಮಿಲಿಮೀಟರಿಗೆ ವಾದ ಯಾಕೆ?

ರೇಖಾಚಿತ್ರ ಮನೆಯಲ್ಲೇ ಆಗಲಿ. ನಾಲ್ಕು ಗಂಟೆಯಲ್ಲಿ ಜೋಡಿಸಿಕೊಳ್ಳಲು, ಎತ್ತಿಡಲು ಅರ್ಧ ಗಂಟೆ ಹೋಗುತ್ತದೆ. ಉಳಿದ ಮೂರೂವರೆ ಗಂಟೆಯನ್ನು ಮೂಗಿನಿಂದ ಗಲ್ಲಕ್ಕೆ ಎಷ್ಟು ದೂರ ಎಂದು ಅಳೆಯುವುದರಲ್ಲಿ ಕಳೆಯಬೇಡಿ, ಅದು ಒಳ್ಳೆಯ ಮುದ್ರಿತ ಪ್ರತಿಯಿಂದಲೂ ಸಿಗುತ್ತದೆ. ಮುದ್ರಣದಲ್ಲಿ ಸಿಗದಿರುವುದು ಮೂರು: ಬಣ್ಣದ ಬಿಸಿ-ತಂಪು (ಕೆಂಪು-ಹಳದಿಯತ್ತ ವಾಲಿದೆಯೋ, ನೀಲಿಯತ್ತಲೋ), ಅಂಚುಗಳು, ಬಣ್ಣದ ದಪ್ಪ. ಮ್ಯೂಸಿಯಂ ಸಮಯವೆಲ್ಲ ಈ ಮೂರಕ್ಕೆ ಮೀಸಲಿರಲಿ.

61 × 50ರ ಕಾಗದದ ಮೇಲೆ ರೇಖಾಚಿತ್ರ ಮುಗಿಸಿ. ಕಾಗದದ ಹಿಂಬದಿಗೆ ರಾ ಅಂಬರ್ ಎಂಬ ಕಂದು ಮಣ್ಣುಬಣ್ಣದ ಪುಡಿ ತೆಳುವಾಗಿ ಉಜ್ಜಿ, ಕ್ಯಾನ್ವಾಸ್ ಮೇಲೆ ಇಟ್ಟು, ಗಟ್ಟಿ ಪೆನ್ಸಿಲಿನಿಂದ ಗೆರೆಗಳ ಮೇಲೆ ಒತ್ತಿ ಇಳಿಸಿಕೊಳ್ಳಿ. ಇದ್ದಿಲಾದರೂ ಆಗುತ್ತದೆ, ಆದರೆ ಇದ್ದಿಲು ಹೆಚ್ಚಾದರೆ ಮೊದಲ ಬಿಳಿಗೆ ಬೆರೆತು ಚರ್ಮ ಕೊಳಕಾಗುತ್ತದೆ. ಇಳಿಸಿದ ಗೆರೆಯನ್ನು ತುಂಬ ತೆಳು ಮಾಡಿದ ರಾ ಅಂಬರ್‌ನಿಂದ ಸಣ್ಣ ಬ್ರಶ್ ಹಿಡಿದು ತೀಡಿ, ಒಣಗಲು ಎರಡು ದಿನ ಬಿಡಿ. ಅದರ ಮೇಲೆ ಇಡೀ ಕ್ಯಾನ್ವಾಸಿಗೆ ಬೆಚ್ಚಗಿನ ತಿಳಿ ಬೂದು ಬಣ್ಣದ ಒಂದು ತೆಳು ಪದರ ಹಚ್ಚಿ, ಗೆರೆ ಕಾಣುವಷ್ಟು ಮಾತ್ರ, ಬಟ್ಟೆಯಿಂದ ಒರೆಸಿ. ಬಿಳಿ ಕ್ಯಾನ್ವಾಸ್ ಮೇಲೆ ನೇರವಾಗಿ ಶುರು ಮಾಡಿದರೆ ಮೊದಲು ಇಟ್ಟ ಪ್ರತಿ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ, ಕೈ ತಾನಾಗಿ ತಿಳಿ ಮಾಡುತ್ತಾ ಹೋಗುತ್ತದೆ, ಕೊನೆಗೆ ಚಿತ್ರವೆಲ್ಲ ಸುಣ್ಣ.

ಮೊದಲ ಬೆಳಿಗ್ಗೆ ಬಣ್ಣ ಮುಟ್ಟಬೇಡಿ. ತೂಗುಗುಂಡಿನ ದಾರ ಹಿಡಿದು ಇಳಿಸಿಕೊಂಡ ಗೆರೆಯನ್ನು ಮೂಲದ ಜೊತೆ ತಾಳೆ ನೋಡಿ. ಟೋಪಿಯ ಅಂಚು, ಎರಡೂ ಕಣ್ಣಿನ ಒಳಮೂಲೆ, ಗಡ್ಡದ ತುದಿ, ಜೋಡಿಸಿದ ಕೈಗಳು: ಯಾವುದರ ಕೆಳಗೆ ಯಾವುದು ಬರುತ್ತದೆ? ಮುದ್ರಿತ ಪ್ರತಿಯಲ್ಲಿ ಅಂಚು ಕತ್ತರಿಸಿರುವುದು ಬಹಳ ಸಾಮಾನ್ಯ, ಅದರಲ್ಲೂ ಕೆಳಗಡೆ. ಈ ಚಿತ್ರದಲ್ಲಿ ಕೈಗಳು ಕೆಳ ಅಂಚಿಗೆ ಒತ್ತಿಕೊಂಡೇ ಇವೆ, ಅಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೂ ಇಡೀ ಆಕೃತಿ ತೇಲುತ್ತದೆ.

ಇನ್ನೊಂದು ಲೆಕ್ಕ. ನಕಲು ಮುಕ್ಕಾಲು ಅಳತೆಯದ್ದಾದ್ದರಿಂದ ಎರಡೂ ಒಂದೇ ಗಾತ್ರದಲ್ಲಿ ಕಾಣುವ ಒಂದು ಜಾಗ ಇದ್ದೇ ಇರುತ್ತದೆ. ನಿಮ್ಮ ಕಣ್ಣಿಂದ ಕ್ಯಾನ್ವಾಸ್ 3 ಮೀಟರ್, ಮೂಲ 4 ಮೀಟರ್ ದೂರ ಇದ್ದರೆ ಎರಡೂ ಸಮ. ಈಸೆಲ್ ಮೂಲದಿಂದ 2 ಮೀಟರ್ ಆಚೆ ಇದ್ದರೆ ನೀವು ಕ್ಯಾನ್ವಾಸಿನಿಂದ ಹೆಚ್ಚುಕಡಿಮೆ 5.8 ಮೀಟರ್ ಹಿಂದೆ ಸರಿಯಬೇಕು. ಅಷ್ಟು ದೂರ ನಿಂತು ಬರೆಯುವುದಕ್ಕಂತೂ ಆಗುವುದಿಲ್ಲ, ಜನ ನಡುವೆ ಬರುತ್ತಲೇ ಇರುತ್ತಾರೆ. ಆದರೆ ಅರ್ಧ ಗಂಟೆಗೊಮ್ಮೆ ಅಲ್ಲಿಗೆ ಹೋಗಿ ಒಂದು ಕ್ಷಣ ಕಣ್ಣಾಡಿಸಿದರೆ ತಪ್ಪು ತಾನೇ ಎದ್ದು ಕಾಣುತ್ತದೆ. ನೆಲದಲ್ಲಿ ಗುರುತು ಹಾಕಲು ಬಿಡುವುದಿಲ್ಲ, ನೆಲದ ಹಲಗೆ ಎಣಿಸಿಕೊಳ್ಳಿ.

ಬೂದು_ಕಪ್ಪು:

ಬಣ್ಣದ ಬಗ್ಗೆ ನಾನು ಹೇಳ್ತೀನಿ. ಈ ಚಿತ್ರದಲ್ಲಿ ಕಲಿಯೋಕೆ ಇರೋದು ಒಂದೇ: ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಬೂದು ತುಪ್ಪಳ, ಕಪ್ಪು ಬಟ್ಟೆ, ಕಪ್ಪು ಟೋಪಿ, ಬಿಳಿ ಅಂಗಿ, ಬೆಚ್ಚಗಿನ ಬೂದು ಗೋಡೆ. ಬಣ್ಣ ಅಂತ ಇರೋದು ಮುಖ, ಕೈ ಅಷ್ಟೇ. ಹಾಗಾಗಿ ಡಬ್ಬಿ ತುಂಬ ಟ್ಯೂಬ್ ಹೊತ್ಕೊಂಡು ಹೋಗ್ಬೇಡಿ. ಬಿಳಿ, ಯೆಲ್ಲೋ ಓಕರ್ (ಹಳದಿ ಮಣ್ಣುಬಣ್ಣ), ಲೈಟ್ ರೆಡ್ (ಇಟ್ಟಿಗೆ ಕೆಂಪು), ಮಾಸಿಹೋಗೋ ಗಾಢ ಕೆಂಪು ಅಲಿಜರಿನ್ ಬದಲಿಗೆ ಬಣ್ಣ ಮಾಸದ ಯಾವುದಾದರೂ ಕ್ರಿಮ್ಸನ್, ರಾ ಅಂಬರ್, ಐವರಿ ಬ್ಲ್ಯಾಕ್. ಆರೇ. ನೀಲಿ ಬೇಡ.

ನೀಲಿ ಯಾಕೆ ಬೇಡ ಅಂದ್ರೆ: ಐವರಿ ಬ್ಲ್ಯಾಕಿಗೆ ಬಿಳಿ ಬೆರೆಸಿದರೆ ಬರೋ ಬೂದು ಬಣ್ಣವೇ ತಣ್ಣಗಿರುತ್ತೆ. ಬೆಚ್ಚಗಿನ ಹಿನ್ನೆಲೆಯ ಪಕ್ಕ ಇಟ್ಟ ತಕ್ಷಣ ಅದು ಬೆಳ್ಳಿ ಥರ ಕಾಣುತ್ತೆ. ತೋಳಿನ ತುಪ್ಪಳಕ್ಕೆ ಅಷ್ಟು ಸಾಕು. ಕಣ್ಣಿನ ಪಾಪೆಯ ನೀಲಿಗೂ ಮೊದಲು ಇದನ್ನೇ ಹಾಕಿ ನೋಡಿ, ಸುತ್ತ ಚರ್ಮದ ಕೆಂಪು ಇರೋದ್ರಿಂದ ನೀಲಿ ತಾನಾಗಿ ಹುಟ್ಟುತ್ತೆ. ಅಲ್ಟ್ರಾಮರೀನ್ ಹಾಕಿದ್ರೆ ಆ ಎರಡು ಚುಕ್ಕೆ ಮುಖದಿಂದ ಹೊರಗೆ ಜಿಗಿದು ನಿಲ್ತವೆ.

ಬಿಳಿ ಒಂದು ತಲೆನೋವು. ರಾಫೆಲ್ ಕಾಲದಲ್ಲಿ ಇದ್ದಿದ್ದು ಸೀಸದ ಬಿಳಿ. ಅದು ವಿಷ, ಸಾರ್ವಜನಿಕ ಜಾಗಕ್ಕೆ ಒಯ್ಯೋ ವಸ್ತುವೇ ಅಲ್ಲ. ಟೈಟಾನಿಯಮ್ ಬಿಳಿ ಸೀಸದ ಬಿಳಿಗಿಂತ ತುಂಬ ಜೋರು, ತಣ್ಣಗೂ ಇರುತ್ತೆ. ಹಳೇ ಪುಸ್ತಕದಲ್ಲಿರೋ ಅಳತೆ ಹಿಡಿದು ಹಾಕಿದ್ರೆ ಚರ್ಮ ಹಿಟ್ಟು ಬಳಿದ ಹಾಗಾಗುತ್ತೆ. ಬಿಳಿಯ ಗುಡ್ಡೆಗೇ ಮೊದಲು ಚಾಕುವಿನ ತುದಿಯಷ್ಟು ಓಕರ್ ಸೇರಿಸಿಟ್ಕೊಳ್ಳಿ, ನೆರಳಿಗಂತೂ ಬಿಳಿ ಸೋಕಿಸಲೇಬೇಡಿ. ನೆರಳು ರಾ ಅಂಬರ್, ಲೈಟ್ ರೆಡ್ ಎರಡೇ, ತೆಳುವಾಗಿ, ಒಳಗಿನ ಪದರ ಇಣುಕೋ ಹಾಗೆ. ನೆರಳಿಗೆ ಬಿಳಿ ಬಿತ್ತೋ, ಮುಖದ ಆ ಭಾಗ ಸತ್ತಿತು ಅಂತಲೇ ಲೆಕ್ಕ. ಜಿಂಕ್ ಬಿಳಿ ಹಾಕಿ ಮೃದು ಮಾಡ್ಕೊಳ್ಳಿ ಅಂತ ಕೆಲವರು ಹೇಳ್ತಾರೆ. ಬೇಡ, ಜಿಂಕ್ ಇರೋ ಪದರ ವರ್ಷ ಕಳೆದ ಹಾಗೆ ಪೆಡಸಾಗಿ ಬಿರಿಯುತ್ತೆ, ಮೇಲಿನ ಪದರ ಕಳಚೋದೂ ಉಂಟು.

ಬೆಳಕಿನ ಚರ್ಮಕ್ಕೆ ಬಿಳಿ, ಓಕರ್, ಲೈಟ್ ರೆಡ್. ಬೆಳಕು ನೆರಳಿಗೆ ತಿರುಗೋ ಕಡೆ ಇದೇ ಮಿಶ್ರಣಕ್ಕೆ ಕಪ್ಪು, ಬರೀ ಒಂದು ಚಿಟಿಕೆ. ಓಕರ್ ಮೇಲೆ ಕಪ್ಪು ಬಿದ್ದರೆ ಸ್ವಲ್ಪ ಹಸಿರು ಬರುತ್ತೆ, ಆ ತಿರುವಿಗೆ ಬೇಕಾಗಿರೋದೂ ಅದೇ. ಆದರೆ ಎರಡು ಚಿಟಿಕೆ ಆದ್ರೆ ಮೀಸೆ ಬೋಳಿಸಿದ ಮುಖದ ಥರ ಆಗುತ್ತೆ, ಲೈಟ್ ರೆಡ್ ಹಾಕಿ ವಾಪಸ್ ತರಬೇಕು.

ಹಿನ್ನೆಲೆಯನ್ನ ಮನೆಯಲ್ಲೇ ಬೆರೆಸಿ ಖಾಲಿ ಅಲ್ಯೂಮಿನಿಯಂ ಟ್ಯೂಬಿಗೆ ತುಂಬ್ಕೊಂಡು ಹೋಗಿ. 20 ಮಿ.ಲೀ. ಆದ್ರೆ 61 × 50ಕ್ಕೆ ಧಾರಾಳ. ಬಿಳಿ ಆರು ಪಾಲು, ರಾ ಅಂಬರ್ ಒಂದು, ಕಪ್ಪು ಅರ್ಧ, ಓಕರ್ ಅರ್ಧ, ಇದು ಶುರುವಿಗೆ. ಬ್ರ್ಯಾಂಡ್ ಬದಲಾದರೆ ಕಪ್ಪಿನ ಜೋರೂ ಬದಲಾಗುತ್ತೆ, ಆದ್ದರಿಂದ ಕೊನೆಯ ತಿದ್ದುಪಡಿ ಚಿತ್ರದ ಮುಂದೆಯೇ. ಒಂದೇ ಟ್ಯೂಬ್ ಆಗಿದ್ರೆ ಐದನೇ ದಿನವೂ ಅದೇ ಬೂದು ಬಣ್ಣ ಸಿಗುತ್ತೆ. ಪ್ರತಿ ಸಲ ಹೊಸದಾಗಿ ಬೆರೆಸೋಕೆ ಹೊರಟವರ ಹಿನ್ನೆಲೆ ತೇಪೆ ಹಾಕಿದ ಹಾಗಿರುತ್ತೆ.

ಹಿನ್ನೆಲೆಯೇ ಮೊದಲು, ಮುಖ ಆಮೇಲೆ. ಮುಖದ ಬೆಳಕು ಎಷ್ಟು ಅಂತ ಗೋಡೆಯ ಬೂದು ಹೇಳುತ್ತೆ. ಅದಾದ ಮೇಲೆ ಅಂಗಿಯ ಬಿಳಿಯನ್ನ ಒಂದು ಕಡೆ ಚುಕ್ಕೆ ಇಡಿ, ಟೋಪಿಯ ಅತಿ ಗಾಢ ಜಾಗದಲ್ಲಿ ಒಂದು ಚುಕ್ಕೆ ಇಡಿ. ಇಡೀ ಮುಖ ಈ ಎರಡರ ನಡುವೆ ಬರಬೇಕು. ಹಣೆಯನ್ನೇ ಬಿಳಿಯ ತುತ್ತತುದಿಗೆ ಏರಿಸಿಬಿಟ್ರೆ ಅಂಗಿಗೆ ಹೋಗೋಕೆ ಜಾಗವೇ ಇರೋದಿಲ್ಲ. ಕಣ್ಣಿನ ಬಿಳಿಭಾಗ ಬಿಳಿ ಅಲ್ಲ, ಹಣೆಗಿಂತ ಗಾಢವಾದ ಬೂದು. ಇದು ಎಲ್ಲರಿಗೂ ಗೊತ್ತು, ಆದ್ರೂ ಎಲ್ಲರೂ ಬಿಳಿ ಹಾಕ್ತಾರೆ.

ಮೂರನೇಕೂರು:

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆಯ್ಕೆಯ ಬಗ್ಗೆಯೇ ನನ್ನ ತಕರಾರು. ಪದರದ ಕೆಲಸ ಇದೇ ಮೊದಲು ಎನ್ನುತ್ತೀರಿ. ಕಾಸ್ತಿಲ್ಯೋನೆಯಲ್ಲಿ ಒಂದು ಹದದಿಂದ (ತಿಳಿ-ಗಾಢದ ಮಟ್ಟದಿಂದ) ಇನ್ನೊಂದಕ್ಕೆ ಹೋಗುವ ಹೆಜ್ಜೆಗಳು ತೀರಾ ಸಣ್ಣವು, ಬ್ರಶ್ಶಿನ ಗುರುತು ಮುಖದಲ್ಲಿ ಕಾಣುವುದೇ ಇಲ್ಲ. ಏನು ಮಾಡಿದ್ದಾನೆ ಎಂದು ಕಣ್ಣಿಗೆ ತಿಳಿಯದ ಕಡೆ ಕಲಿಯುವುದು ಕಷ್ಟ. ಅದೇ ಮ್ಯೂಸಿಯಂನಲ್ಲಿ ಟಿಷಿಯನ್ 1520ರ ಸುಮಾರಿಗೆ ಬರೆದ ‘ಕೈಗವಸಿನ ಮನುಷ್ಯ’ ಇದೆ, 100 × 89 ಸೆಂ.ಮೀ. ಅಲ್ಲೂ ಬಣ್ಣ ಕಡಿಮೆಯೇ, ಆದರೆ ಬೆಳಕು-ನೆರಳಿನ ಗಡಿ ಸ್ಪಷ್ಟ. ಮುಖ ಮತ್ತು ಕೈಗಳು ಕತ್ತಲಿನಿಂದ ಎದ್ದು ಬರುತ್ತವೆ, ಮೈಯ ಬಹುಭಾಗ ಗಾಢ ಬಟ್ಟೆ. ಎರಡು-ಮೂರು ಹದದಲ್ಲೇ ಆಕೃತಿ ನಿಲ್ಲುತ್ತದೆ.

ಅನುಮತಿ ಈಗಾಗಲೇ ಒಂದು ಚಿತ್ರಕ್ಕೆ ಕೊಟ್ಟಿದ್ದರೆ ಬದಲಿಸುವುದು ತ್ರಾಸ, ಅರ್ಥವಾಗುತ್ತದೆ. ಹಾಗಿದ್ದರೆ ಇಡೀ ಚಿತ್ರದ ಹಟ ಬಿಡಿ, ತಲೆ ಮಾತ್ರ ಮಾಡಿ. ಟೋಪಿಯ ಮೇಲಂಚಿನಿಂದ ಅಂಗಿಯ ಕುತ್ತಿಗೆವರೆಗೆ. ಕ್ಯಾನ್ವಾಸ್ ಚಿಕ್ಕದಾದರೂ ತಲೆಯನ್ನು ಮೂಲದ ಅಳತೆಯಲ್ಲಿ ಬರೆಯಬಹುದೇ ಎಂದು ಕಚೇರಿಯಲ್ಲಿ ಕೇಳಿ ಆಮೇಲೆ ಶುರು ಮಾಡಿ. ನಿಯಮ ಅವರು ಓದಿದ ಹಾಗೆ.

ನಕಲು ಎಂದರೆ ಪ್ರತಿಯೊಂದನ್ನೂ ಹಾಗೇ ಇಳಿಸುವುದು ಎಂದು ಯಾರೂ ಕಟ್ಟುಪಾಡು ಹಾಕಿಲ್ಲ. ಇದೇ ಕಾಸ್ತಿಲ್ಯೋನೆ 1639ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಿಗೆ ಬಂದಾಗ ರೆಂಬ್ರಾಂಟ್ ಪೆನ್ನಿನಲ್ಲಿ ಬೇಗಬೇಗ ಗೀಚಿಕೊಂಡ. ಟೋಪಿಯನ್ನು ಓರೆ ಮಾಡಿದ, ಎಷ್ಟಕ್ಕೆ ಹೋಯಿತು ಎಂದು ಪಕ್ಕದಲ್ಲಿ ಬರೆದಿಟ್ಟ: 3500 ಗಿಲ್ಡರ್. ಬೇಕಾದ್ದನ್ನು ಮಾತ್ರ ತೆಗೆದುಕೊಂಡ. ರೂಬೆನ್ಸ್ ಇದೇ ಚಿತ್ರವನ್ನು ತೈಲದಲ್ಲಿ ಪೂರ್ತಿ ನಕಲು ಮಾಡಿದ, ಅದು ಈಗ ಲಂಡನ್ನಿನ ಮ್ಯೂಸಿಯಂ ಕೋರ್ಟಾಲ್ಡ್‌ನಲ್ಲಿದೆ. ಮುಖ ನೋಡಿದರೆ ರೂಬೆನ್ಸ್ ಎಂದೇ ಗೊತ್ತಾಗುತ್ತದೆ.

ಕಪ್ಪು-ಬಿಳುಪಿನ ಪ್ರಶ್ನೆಗೆ: ಪೂರ್ತಿ ಮುಗಿಸಿ ಅದರ ಮೇಲೆ ಬಣ್ಣದ ಗ್ಲೇಜ್ ಹಾಕುವುದು ಈ ಚಿತ್ರಕ್ಕೆ ಬೇಡ. ಬೂದು ಬಣ್ಣದ ಮೇಲೆ ಪಾರದರ್ಶಕ ಬಣ್ಣ ಹಾಕಿದ ಚರ್ಮ ಬಣ್ಣ ಹಚ್ಚಿದ ಫೋಟೋದಂತೆ ಕಾಣುತ್ತದೆ. ಅದರ ಬದಲು ಒಂದು ಬೆಳಿಗ್ಗೆ ಬೇರೆ ಚಿಕ್ಕ ಹಲಗೆಯ ಮೇಲೆ, ಅಂಗೈಯಗಲ ಸಾಕು, ಕಪ್ಪು ಬಿಳಿ ಎರಡರಲ್ಲೇ ಇಡೀ ಚಿತ್ರವನ್ನು ಐದು ಹದಕ್ಕೆ ಇಳಿಸಿ. ಅಷ್ಟೇ, ವಿವರ ಏನೂ ಬೇಡ. ಆ ಹಲಗೆ ಈಸೆಲ್ ಮೇಲೆ ಪಕ್ಕದಲ್ಲಿ ಕೊನೆವರೆಗೂ ಇರಲಿ.

ತೆಳುಪದರ:

ಮೂವರಿಗೂ ಧನ್ಯವಾದ. ಅನುಮತಿ ಈ ಚಿತ್ರಕ್ಕೇ ಆಗಿದೆ, ಅದನ್ನೇ ಮಾಡುತ್ತೇನೆ, 61 × 50. ಐದು ಹದದ ಹಲಗೆಯ ಸಲಹೆ ಖಂಡಿತ ಪಾಲಿಸುತ್ತೇನೆ. ಇನ್ನೆರಡು ಕೇಳಬೇಕಿತ್ತು. ಕಪ್ಪು ಒಣಗಿದ ಮೇಲೆ ಮಂಕಾಗಿ ಬೂದು ಬಡಿದಂತಾಗುತ್ತದಲ್ಲ, ಮರುದಿನ ಅದರ ಪಕ್ಕದ ಬಣ್ಣ ಹೇಗೆ ತಾಳೆ ಹಾಕುವುದು? ಮತ್ತೆ, ಫೋನಿನಲ್ಲಿ ಫೋಟೋ ತೆಗೆದುಕೊಂಡು ಮಧ್ಯಾಹ್ನ ಮನೆಯಲ್ಲಿ ಮುಂದುವರಿಸಬಹುದೇ?

ಬೂದು_ಕಪ್ಪು:

ಫೋಟೋ ನೋಡಿ ಮನೆಯಲ್ಲಿ ಬಣ್ಣ ಹಾಕ್ಬೇಡಿ. ಫೋನು ಗಾಢ ಜಾಗಗಳನ್ನ ತಾನಾಗಿ ಎತ್ತಿ ತೋರಿಸುತ್ತೆ, ಕೆಂಪನ್ನ ಹೆಚ್ಚು ಮಾಡುತ್ತೆ. ಈ ಚಿತ್ರದಲ್ಲಿ ಇರೋದೇ ಆ ಎರಡು, ಕಪ್ಪಿನೊಳಗಿನ ಕಪ್ಪು, ಚರ್ಮದ ಸಣ್ಣ ಕೆಂಪು. ಮನೆಯಲ್ಲಿ ಮಾಡ್ಬಹುದಾದ್ದು ಪ್ಯಾಲೆಟ್ ಸಿದ್ಧ ಮಾಡ್ಕೊಳ್ಳೋದು, ಗಂಟು ಗಂಟಾಗಿ ಒಣಗಿದ ಬಣ್ಣ ಬ್ಲೇಡಿನಿಂದ ಸವರೋದು.

ಕಪ್ಪು ಮಂಕಾಗೋದು ಯಾಕಂದ್ರೆ ಕೆಳಗಿನ ಪದರ ಮೇಲಿನದರ ಎಣ್ಣೆ ಹೀರಿಕೊಳ್ಳುತ್ತೆ. ಕ್ಯಾನ್ವಾಸಿಗೆ ಬಳಿದ ತಳಪದರ ಹೀರೋ ಥರದ್ದಾದರೆ ಇನ್ನೂ ಜಾಸ್ತಿ. ರಾ ಅಂಬರ್‌ಗೂ ಇದೇ ಚಾಳಿ. ಬಣ್ಣ ಮುಟ್ಟಿದ್ರೆ ಅಂಟದಷ್ಟು ಒಣಗಿದ ಮೇಲೆ, ಅಗಸೆ ಎಣ್ಣೆ ಒಂದು ಪಾಲು, ಬಣ್ಣ ತೆಳು ಮಾಡೋ ವಾಸನೆ ಇಲ್ಲದ ಮಿನರಲ್ ಸ್ಪಿರಿಟ್ ಒಂದು ಪಾಲು ಬೆರೆಸಿ, ಮಂಕಾದ ಜಾಗಕ್ಕೆ ಮಾತ್ರ ಬಟ್ಟೆಯಲ್ಲಿ ತೆಳುವಾಗಿ ತಿಕ್ಕಿ. ಎರಡು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಕಪ್ಪು ವಾಪಸ್ ಬರುತ್ತೆ, ಅವತ್ತಿನ ಕೆಲಸ ಅದರ ಮೇಲೆ. ಒರೆಸದೆ ಹಾಗೇ ಬಿಟ್ರೆ ಎಣ್ಣೆ ಹಳದಿ ತಿರುಗುತ್ತೆ, ಮೇಲಿನ ಬಣ್ಣ ಜಾರುತ್ತೆ. ಇದನ್ನ ಮನೆಯಲ್ಲೇ ಮುಗಿಸಿಕೊಂಡು ಹೋಗೋದು ವಾಸಿ, ಗ್ಯಾಲರಿಯೊಳಗೆ ಸ್ಪಿರಿಟ್ಟು, ಟರ್ಪೆಂಟೈನ್ ಅಂದ್ರೆ ಕಾವಲಿನವರ ಕಣ್ಣು ಕೆಂಪಾಗುತ್ತೆ. ಅಲ್ಲಿ ಏನು ಒಯ್ಯಬಹುದು ಅಂತ ಅನುಮತಿ ಪತ್ರದಲ್ಲಿ ನೋಡ್ಕೊಳ್ಳಿ. ಇಲ್ಲ ಅಂದ್ರೂ ತೊಂದರೆ ಇಲ್ಲ, ಬ್ರಶ್ಶನ್ನ ಅಗಸೆ ಎಣ್ಣೆಯಲ್ಲಿ ಅದ್ದಿ ಚಿಂದಿಯಲ್ಲಿ ಒರೆಸಿದರೆ ನಾಲ್ಕು ಗಂಟೆ ನಡೆಯುತ್ತೆ. ಆ ಚಿಂದಿ ಮಾತ್ರ ಮುದ್ದೆ ಮಾಡಿ ಚೀಲದಲ್ಲಿ ತುರುಕಿಡಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಏಳುತ್ತೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ ಮುಚ್ಚಳದ ಡಬ್ಬಿಗೆ ಹಾಕಿ, ಇಲ್ಲಾ ಬಿಡಿಸಿ ಒಣಹಾಕಿ.

ಐವರಿ ಬ್ಲ್ಯಾಕ್ ನಿಧಾನಕ್ಕೆ ಒಣಗೋ ಬಣ್ಣ, ವಾರ ಹಿಡಿಯೋದೂ ಉಂಟು. ಅದಕ್ಕೆ ಸ್ವಲ್ಪ ರಾ ಅಂಬರ್ ಬೆರೆಸಿದ್ರೆ ಬೇಗ ಒಣಗುತ್ತೆ, ಅಂಬರ್‌ನಲ್ಲಿರೋ ಮ್ಯಾಂಗನೀಸ್ ಆ ಕೆಲಸ ಮಾಡುತ್ತೆ, ಕಪ್ಪೂ ಬೆಚ್ಚಗಾಗುತ್ತೆ. ಕೂರಿಗೂ ಕೂರಿಗೂ ನಡುವೆ ನಾಲ್ಕು ದಿನ ಬಿಡಿ. ದಿನಾ ಹೋಗೋ ಆಸೆ ಆಗುತ್ತೆ, ಆದರೆ ಅರೆ ಒಣಗಿದ ಬಣ್ಣದ ಮೇಲೆ ಎಳೆದರೆ ಕೆಳಗಿನದು ಎದ್ದು ಬಂದು ಕೆಸರಾಗುತ್ತೆ. ನಡುವಿನ ದಿನಗಳಲ್ಲಿ ಬರೀ ಪೆನ್ಸಿಲ್ ಹಿಡ್ಕೊಂಡು ಹೋಗಿ ಕೈಗಳನ್ನ ಬರೀರಿ.

ಅಗಸೆಎಣ್ಣೆ:

ಅಂಚುಗಳ ಬಗ್ಗೆ ಯಾರೂ ಹೇಳಲಿಲ್ಲ, ಈ ಚಿತ್ರದ ಜೀವ ಅಲ್ಲಿದೆ. ಗಡ್ಡ ಎಲ್ಲಿ ಮುಗಿದು ಕಪ್ಪು ಬಟ್ಟೆ ಎಲ್ಲಿ ಶುರುವಾಗುತ್ತದೆ ಎಂದು ಕಣ್ಣನ್ನು ಅರೆಮುಚ್ಚಿ ನೋಡಿ. ಹೆಚ್ಚು ಕಡೆ ಗೆರೆ ಸಿಗುವುದಿಲ್ಲ. ಆದರೆ ಮನೆಯಲ್ಲಿ ಬರೆದ ರೇಖೆ ಅಂಚನ್ನು ಹಾಗೆ ಕರಗಲು ಬಿಡುವುದಿಲ್ಲ, ರೇಖೆ ಇದೆಯಲ್ಲ ಎಂದು ಕೈ ಅದರವರೆಗೆ ಬಣ್ಣ ತುಂಬುತ್ತದೆ. ಎರಡೂ ಬಣ್ಣ ಹಸಿಯಿದ್ದಾಗಲೇ ಒಣ, ಮೆತ್ತನೆಯ ಬ್ರಶ್ಶಿನಿಂದ ಗಡಿಗೆ ಅಡ್ಡವಾಗಿ ಒಂದೇ ಸಲ ಎಳೆಯಿರಿ, ಗಡಿಯುದ್ದಕ್ಕೂ ಅಲ್ಲ. ಒಂದೇ ಸಲ. ಫ್ಯಾನ್ ಬ್ರಶ್ ಹಿಡಿದು ಮುಖವನ್ನೆಲ್ಲ ನೇವರಿಸಿದರೆ ಹದಗಳೆಲ್ಲ ಕಲಸಿ ಮುಖ ಮೇಣದ್ದಾಗುತ್ತದೆ. ನಯವಾಗಿ ಕಾಣುವುದು ನೇವರಿಸಿದ್ದರಿಂದಲ್ಲ, ಪಕ್ಕಪಕ್ಕದ ಎರಡು ಹದ ಅಷ್ಟು ಹತ್ತಿರ ಇರುವುದರಿಂದ. ಆದ್ದರಿಂದ ಮುಖಕ್ಕೆ ಪ್ಯಾಲೆಟ್ ಮೇಲೆ ಐದರ ಬದಲು ಒಂಬತ್ತು ಗುಡ್ಡೆ ಬೆರೆಸಿಟ್ಟುಕೊಳ್ಳಿ.

ಬಿರುಕು ನಕಲು ಮಾಡಬೇಡಿ. ಹಳೆಯ ವಾರ್ನಿಷ್‌ನ ಹಳದಿ ವಿಷಯ ಮೊದಲ ದಿನವೇ ನಿರ್ಧರಿಸಿ: ಈಗ ಕಾಣುವ ಹಾಗೆ ಬರೆಯುತ್ತೀರೋ, ಹಳದಿ ಕಳೆದು ಬರೆಯುತ್ತೀರೋ. ನಡುವೆ ಮನಸ್ಸು ಬದಲಿಸಿದರೆ ಅಂಗಿ ಒಂದು ಶತಮಾನದ್ದು, ಗೋಡೆ ಇನ್ನೊಂದರದ್ದು. ನನ್ನ ಓಟು ಈಗ ಕಾಣುವ ಹಾಗೆ ಎಂಬುದಕ್ಕೆ, ಯಾಕೆಂದರೆ ತಾಳೆ ನೋಡಲು ಕಣ್ಣಮುಂದೆ ಇರುವುದು ಅದೊಂದೇ.

ಈ ಚಿತ್ರ ಇರುವ ಗ್ರ್ಯಾಂಡ್ ಗ್ಯಾಲರಿಯಲ್ಲಿ ಬೆಳಕು ಮೇಲಿನಿಂದ, ಗಾಜಿನ ಛಾವಣಿಯಿಂದ ಬರುತ್ತದೆ. ಮೋಡ ಬಂದರೆ ನಿಮ್ಮ ಪ್ಯಾಲೆಟ್ಟೂ ಬದಲಾಗುತ್ತದೆ, ಮೂಲವೂ ಬದಲಾಗುತ್ತದೆ, ಹೆದರಬೇಕಾದ್ದಿಲ್ಲ. ಹೆದರಬೇಕಾದ್ದು ನಿಮ್ಮ ಒದ್ದೆ ಕ್ಯಾನ್ವಾಸ್ ಹೊಳೆಯುವುದಕ್ಕೆ. ಈಸೆಲ್ಲಿನ ಮೇಲ್ತುದಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ, ಅದರ ಬೆಳಕು ಕ್ಯಾನ್ವಾಸ್ ಮೇಲೆ ಬೀಳುತ್ತದೆ.

ಒದ್ದೆ ಕ್ಯಾನ್ವಾಸ್ ಸಾಗಿಸಲು ಅದೇ ಅಳತೆಯ ಇನ್ನೊಂದು ಖಾಲಿ ಚೌಕಟ್ಟು ತೆಗೆದುಕೊಂಡು, ನಾಲ್ಕು ಮೂಲೆಗೆ ಎರಡೂ ತುದಿ ಚೂಪಾದ ಕ್ಯಾನ್ವಾಸ್ ಪಿನ್ ಕೊಟ್ಟು, ಮುಖಾಮುಖಿ ಸೇರಿಸಿ ಬೆಲ್ಟಿನಿಂದ ಬಿಗಿಯಿರಿ. ಮೂಲದಲ್ಲಿ ಸಹಿ ಇದ್ದರೂ ಅದನ್ನು ನಕಲಿನಲ್ಲಿ ಬರೆಯುವಂತಿಲ್ಲ. ಹಿಂಬದಿಯಲ್ಲಿ ರಾಫೆಲ್‌ನ ಚಿತ್ರದ ನಕಲು ಎಂದು, ನಿಮ್ಮ ಹೆಸರು, ವರ್ಷ ಬರೆಯಿರಿ. ಮ್ಯೂಸಿಯಂ ಮುದ್ರೆಗೆ ಹಿಂಬದಿಯಲ್ಲಿ ಜಾಗ ಖಾಲಿ ಬಿಡಿ. ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಿರಿ, ಕಪ್ಪು ದಪ್ಪ ಇರುವ ಕಡೆ ಒಂದು ವರ್ಷ.